ಒಗರು ಮಾಗುವ ಬಗೆ



1976ರ ಮೇ 24ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಒಂಬತ್ತು ಮಂದಿ ಫ್ರೆಂಚ್ ತಜ್ಞರು ಹೆಸರು ಮರೆಮಾಚಿದ ವೈನ್‌ಗಳ ರುಚಿ ನೋಡಿ ಅಂಕ ಕೊಟ್ಟರು. ಏರ್ಪಡಿಸಿದಾತ ಅದೇ ನಗರದಲ್ಲಿ ವೈನ್ ಅಂಗಡಿ ಇಟ್ಟುಕೊಂಡಿದ್ದ ಇಂಗ್ಲಿಷ್ ವ್ಯಾಪಾರಿ ಸ್ಟೀವನ್ ಸ್ಪರಿಯರ್. ಕೆಂಪು ವೈನ್‌ಗಳು ಹತ್ತು. ನಾಲ್ಕು ಫ್ರಾನ್ಸಿನ ಬೋರ್ಡೊ ಪ್ರಾಂತದವು, ಆರು ಅಮೆರಿಕದ ಕ್ಯಾಲಿಫೋರ್ನಿಯಾದವು. ಬೋರ್ಡೊ ಕಡೆಯಿಂದ ಮೂಟೋನ್ ರಾಥ್‌ಶೀಲ್ಡ್, ಓ ಬ್ರಿಯೋನ್‌ನಂಥ ಘಟಾನುಘಟಿಗಳು ಬಂದಿದ್ದವು. ಆದರೆ ಗೆದ್ದದ್ದು 1973ರ ಸ್ಟ್ಯಾಗ್ಸ್ ಲೀಪ್, ಕ್ಯಾಲಿಫೋರ್ನಿಯಾದ್ದು! ಕೂದಲೆಳೆಯ ಅಂತರ ನಿಜ, ಆದರೂ ಗೆಲುವು ಗೆಲುವೇ.

ಫ್ರೆಂಚರು ಸುಮ್ಮನಾಗಲಿಲ್ಲ. ಬೋರ್ಡೊ ವೈನ್ ಎಳೆಯದಾಗಿದ್ದಾಗ ಒರಟು, ವರ್ಷಗಳು ಕಳೆದಂತೆ ಅರಳುತ್ತದೆ, ಅಮೆರಿಕದ್ದು ಬೇಗ ಹಿಡಿಸಿ ಬೇಗ ಸೊರಗುತ್ತದೆ ಎಂಬುದು ಅವರ ವಾದ. ತೆಗೆದುಹಾಕುವಂಥ ವಾದವೇನಲ್ಲ. ಅದನ್ನು ತೂಗಿ ನೋಡಬೇಕಾದರೆ ಕೆಂಪು ವೈನ್ ಹೇಗೆ ಮುಪ್ಪಾಗುತ್ತದೆ ಎಂಬುದು ತಿಳಿದಿರಬೇಕು.

ಬೋರ್ಡೊ ವೈನ್ ಸಾಮಾನ್ಯವಾಗಿ ಒಂದೇ ದ್ರಾಕ್ಷಿಯದಲ್ಲ. ಕೆಬರ್ನೆ ಸಾವಿನ್ಯೋಂ ತಡವಾಗಿ ಮಾಗುತ್ತದೆ, ಸಿಪ್ಪೆ ದಪ್ಪ. ಮೆರ್ಲೋ ಬೇಗ ಮಾಗುತ್ತದೆ, ರುಚಿ ಮೆತ್ತಗೆ. ವಸಂತದ ಹಿಮ ಒಂದನ್ನು ಸುಟ್ಟರೆ, ಕೊಯ್ಲಿನ ಹೊತ್ತಿನ ಮಳೆ ಇನ್ನೊಂದನ್ನು ಕೆಡಿಸೀತು. ನಮ್ಮ ರೈತರ ಅಕ್ಕಡಿ ಸಾಲಿನ ಲೆಕ್ಕವೇ ಅಲ್ಲಿಯೂ ಇದೆ. ಕೆಬರ್ನೆ ಬೆನ್ನೆಲುಬು, ಮೆರ್ಲೋ ಮಾಂಸ ಎನ್ನಬಹುದು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೆ ಬೋರ್ಡೊದ ತಜ್ಞ ಮಿಷೆಲ್ ರೋಲಾಂ ಸಲಹೆ ನೀಡಿದ್ದುಂಟು. ಅಲ್ಲಿನ ಕೆಂಪು ‘ಲಾ ರಿಸರ್ವ್’ ಕೂಡ ಮಿಶ್ರಣವೇ, ಕೆಬರ್ನೆ ಮತ್ತು ಶಿರಾಜ್‌ನದು.

ಇನ್ನು ಪರೀಕ್ಷೆ. ಪ್ಯಾರಿಸ್ಸಿನಲ್ಲಿ ಕಣ್ಣು, ಮೂಗು, ಬಾಯಿ, ಒಟ್ಟು ಹೊಂದಿಕೆ ಎಂಬ ನಾಲ್ಕು ಅಳತೆಗಳಿಗೆ ಸೇರಿ 20 ಅಂಕ. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ಅಂಚಿನ ಬಣ್ಣ ವಯಸ್ಸು ಹೇಳುತ್ತದೆ. ಎಳೆಯದರ ಅಂಚು ನೇರಳೆ, ಹಳೆಯದರದು ಇಟ್ಟಿಗೆಯ ಕೆಂಪು. ಆಮೇಲೆ ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸುವುದು. ಎಳೆಯ ಕೆಬರ್ನೆಯಲ್ಲಿ ಕಪ್ಪು ಹಣ್ಣಿನ ವಾಸನೆ ಮುಂದಿರುತ್ತದೆ. ಮಾಗಿದ್ದರಲ್ಲಿ ದೇವದಾರು, ತಂಬಾಕು, ಆಗತಾನೆ ಕೆತ್ತಿದ ಪೆನ್ಸಿಲ್ಲಿನ ವಾಸನೆ.

ಮುಖ್ಯವಾದದ್ದು ಬಾಯಿಯ ಪರೀಕ್ಷೆ, ಅದರಲ್ಲೂ ಒಗರು. ಎಳೆಯ ಅಡಿಕೆ ಅಗಿದಾಗ, ಬಾಳೆಕಾಯಿ ಕಚ್ಚಿದಾಗ ನಾಲಗೆ ಒಣಗಿ ಹಿಡಿದಂತಾಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ. ಬಾಟಲಿಯೊಳಗೆ ವರ್ಷಗಟ್ಟಲೆ ಈ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಕೂಡಿಕೊಳ್ಳುತ್ತವೆ. ಕೆಲಭಾಗ ಗಷ್ಟಾಗಿ ತಳಕ್ಕಿಳಿಯುತ್ತದೆ. ಒಗರು ಮೆತ್ತಗಾಗುತ್ತದೆ. ಹಳೆಯ ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿ ಹಿಡಿದು ವೈನ್ ಬಗ್ಗಿಸುವುದು ಆ ಗಷ್ಟು ಕಾಣಲೆಂದೇ, ಶೋಕಿಗಲ್ಲ.

ಆದರೆ ಒಗರಿದ್ದ ಮಾತ್ರಕ್ಕೆ ಬಾಳಿಕೆ ಬಾರದು. ಹುಳಿ ಬೇಕು, ಹಣ್ಣಿನ ಸಾರ ಬೇಕು. ಸಾರ ಕಡಿಮೆಯಾದರೆ ಒಗರು ಇಳಿಯುವ ಹೊತ್ತಿಗೆ ವೈನ್ ಸತ್ತಿರುತ್ತದೆ. ಹಾಗಾಗಿ ತಜ್ಞ ಎಳೆಯ ವೈನ್‌ನಲ್ಲಿ ಹುಡುಕುವುದು ಇಂದಿನ ಸುಖವನ್ನಲ್ಲ, ಗುಟುಕು ಉಗುಳಿದ ಮೇಲೂ (ಹೌದು, ಉಗುಳಲೇಬೇಕು, ಇಲ್ಲವಾದರೆ ಹತ್ತನೆಯ ಗ್ಲಾಸಿಗೆ ತೀರ್ಪುಗಾರನೇ ಉರುಳಿಯಾನು) ರುಚಿ ಎಷ್ಟು ಹೊತ್ತು ಬಾಯಲ್ಲಿ ನಿಲ್ಲುತ್ತದೆ ಎಂಬುದನ್ನು.

ಫ್ರೆಂಚರ ವಾದಕ್ಕೆ ಕಾಲವೇ ಪರೀಕ್ಷೆ ಇಟ್ಟಿತು. 2006ರ ಮೇ 24ರಂದು, ಸರಿಯಾಗಿ 30 ವರ್ಷಕ್ಕೆ, ಅವೇ ಹತ್ತು ವೈನ್‌ಗಳನ್ನು ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಏಕಕಾಲಕ್ಕೆ ತೆರೆದರು. 1976ರಲ್ಲಿ ಐದನೆಯದಾಗಿದ್ದ 1971ರ ರಿಜ್ ಮಾಂಟೆ ಬೆಲ್ಲೊ ಮೊದಲಾಯಿತು, ಸ್ಟ್ಯಾಗ್ಸ್ ಲೀಪ್ ಎರಡನೆಯದು. ಮೊದಲ ಐದೂ ಕ್ಯಾಲಿಫೋರ್ನಿಯಾದವೇ. 1970ರ ಮೂಟೋನ್ ಆರನೆಯ ಸ್ಥಾನಕ್ಕೆ ನಿಂತಿತು.