ಹೊಳೆಯ ಹಕ್ಕಿಗಳು ಹೇಳಿದ್ದು
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾನುವಾರ ಬೆಳಿಗ್ಗೆ ಫೋನ್ ಮಾಡಿದರೆ ನಾನು ಸಿಗುವುದಿಲ್ಲ ಎಂದು ನಿಮ್ಮಲ್ಲಿ ಹಲವರ ದೂರು. ಒಪ್ಪಿಕೊಳ್ಳುತ್ತೇನೆ. ಆ ಹೊತ್ತಿಗೆ ನಾನು ಕೊರಳಿಗೆ ದುರ್ಬೀನು ಹಾಕಿಕೊಂಡು ಮುಳಾ-ಮುಠಾ ನದಿಯ ದಂಡೆಯಲ್ಲಿ ಇರುತ್ತೇನೆ.

ಪುಣೆಯ ಸಂಗಮದಲ್ಲಿ ಮುಳಾ, ಮುಠಾ ಸೇರಿ ಒಂದೇ ಹೊಳೆಯಾಗುತ್ತವೆ. ಅದರ ದಂಡೆಗುಂಟ ಕೆಳಗೆ, ಸೊಲ್ಲಾಪುರ ರಸ್ತೆಯ ಕಡೆ, ಕವಡಿಪಾಟ್ ಎಂಬ ಜಾಗವಿದೆ. ಚಳಿಗಾಲದಲ್ಲಿ ಅಲ್ಲಿಗೆ ಲಡಾಖ್, ಮಧ್ಯ ಏಷ್ಯಾದ ಕಡೆಯಿಂದ ಚಕ್ರವಾಕಗಳು ಬರುತ್ತವೆ. ಹೌದು, ನಾವು ಕಾವ್ಯದಲ್ಲಿ ಓದಿದ ಅದೇ ಚಕ್ರವಾಕ, ಕಿತ್ತಳೆ ಬಣ್ಣದ ಬಾತು!

ಮೊದಲ ವರ್ಷ ಅಲ್ಲಿ ಮೆಟ್ಟುಗಾಲು ಹಕ್ಕಿಗಳ ದೊಡ್ಡ ಹಿಂಡು ಕಂಡೆ. ಕಪ್ಪು-ಬಿಳಿ ಮೈ, ಗುಲಾಬಿ ಬಣ್ಣದ ಕಡ್ಡಿ ಕಾಲು. ನೂರು ಎಣಿಸಿ ಬಿಟ್ಟೆ. ಖುಷಿಯಿಂದ ಊರಿಗೆ ಫೋನ್ ಮಾಡಿ, "ಅವ್ವಾ, ಇಲ್ಲಿ ಹೊಳಿ ಭಾಳ ಛಲೋ ಅದ, ಹಕ್ಕಿ ತುಂಬ್ಯಾವ" ಎಂದೆ.

ಪಕ್ಕದಲ್ಲಿದ್ದ ಹಿರಿಯ ಮರಾಠಿ ಶಿಕ್ಷಕಿಯೊಬ್ಬರು ನನ್ನ ಸಂಭ್ರಮ ನೋಡಿ ನಕ್ಕರು. "ಎಷ್ಟು ಹಕ್ಕಿ ಅಂತ ಎಣಿಸಿದೆ. ಯಾವ ಹಕ್ಕಿ, ಏನು ತಿನ್ನುತ್ತಿದೆ ಅಂತ ನೋಡಿದೆಯಾ?" ಎಂದರು. ಚರಂಡಿ ನೀರು ಬಂದು ಸೇರುವ ಕೆಸರಿನಲ್ಲಿ ಹುಳು, ಕೀಟಗಳ ಮರಿಹುಳು ವಿಪರೀತ. ಮೆಟ್ಟುಗಾಲಿಗೆ ಅದೇ ಹಬ್ಬದೂಟ. ಆದರೆ ಕಪ್ಪು-ಬಿಳಿ ಮಿಂಚುಳ್ಳಿಗೆ ಮೀನೇ ಬೇಕು. ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಮೀನು ಕಂಡರೆ ಧುಮುಕುತ್ತದೆ. ಕೊಳಕು ನೊರೆಯ ನೀರಿನಲ್ಲಿ ಅದಕ್ಕೇನು ಕಾಣಬೇಕು? ಅವತ್ತು ನನ್ನ ಪಟ್ಟಿಯಲ್ಲಿ ಅದು ಒಂದೂ ಇರಲಿಲ್ಲ.

ಸಂಜೆ ಅವ್ವನಿಗೆ ಇದನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ನೀರು ನಮ್ಮ ಹೊಳೀಗೇ ಬರ್ತದಲ್ಲವಾ?"

ನನ್ನ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿ. ಮುಳಾ-ಮುಠಾ ಹೋಗಿ ಸೇರುವುದು ಭೀಮೆಯನ್ನೇ. ಆಮೇಲೆ ಉಜನಿ ಜಲಾಶಯ, ಪಂಢರಪುರ ದಾಟಿ ನಮ್ಮ ಕಡೆ, ಗಾಣಗಾಪುರದ ಕಡೆ ಹರಿಯುತ್ತದೆ. ಅವ್ವ ಇಂದಿಗೂ ದೇವರ ಜಗಲಿಯ ಮೇಲೆ ಒಂದು ತಂಬಿಗೆ ಭೀಮಾ ನೀರು ಇಡುತ್ತಾಳೆ. ಇಲ್ಲಿ ನಾನು, ಹಬ್ಬ ಮುಗಿದ ಮೇಲೆ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದ ಸಮೇತ ಸೇತುವೆ ಮೇಲಿಂದ ಎಸೆದು ಕೈ ಮುಗಿದವಳು. ಅವತ್ತು ಅವ್ವನಿಗೆ "ಹೂಂ" ಅಂದೆ, ಮುಂದೆ ಮಾತು ಹೊರಡಲಿಲ್ಲ.

ಊರಿನ ಚರಂಡಿ ನೀರನ್ನು ಶುದ್ಧ ಮಾಡುವುದು ನಮ್ಮ ನಿಮ್ಮ ಕೈಯ ಕೆಲಸವಲ್ಲ, ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಆದರೆ ನಿರ್ಮಾಲ್ಯ ನಮ್ಮ ಕೈಯಲ್ಲೇ ಇದೆ. ನಮ್ಮ ಮನೆಯದು ಈಗ ಬಾಲ್ಕನಿಯ ತುಳಸಿಗೆ ಗೊಬ್ಬರ. ಕರಿದ ಎಣ್ಣೆಯನ್ನೂ ಸಿಂಕಿಗೆ ಸುರಿಯುವುದಿಲ್ಲ.

ಇನ್ನೊಂದು ಕೋರಿಕೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ. 15 ನಿಮಿಷ ನಿಂತು, ಕಂಡದ್ದನ್ನು ಬರೆದು, ಈಬರ್ಡ್ ಆ್ಯಪಿನಲ್ಲಿ ಹಾಕಿದರೆ ಸಾಕು. ಈ ಸಲ ಎಲ್ಲರೂ ಹೊಳೆಗೆ ಬನ್ನಿ. ದುರ್ಬೀನು ನನ್ನದು, ಉಪ್ಪಿಟ್ಟು ನಿಮ್ಮದು. ಮಿಂಚುಳ್ಳಿ ಕಂಡರೆ ಮೊದಲ ಫೋನ್ ನಮ್ಮ ಅವ್ವನಿಗೆ.