ದೂರವೆಂಬ ಮಾತು

ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯ ಹಾದಿ ಸುಮಾರು 500 ಕಿಲೋಮೀಟರು. ಆಕಾಶದಲ್ಲಿ ನೇರವಾಗಿ ಗೆರೆಯೆಳೆದರೆ 460ರ ಆಸುಪಾಸು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ ಸಾಂಬ್ರಾ ನಿಲ್ದಾಣದಿಂದ ಇಂದು ಏರಿದ ವಿಮಾನ ಸುಮಾರು ಒಂದು ಗಂಟೆಯಲ್ಲಿ ರಾಜಧಾನಿಯನ್ನು ಮುಟ್ಟುತ್ತದೆ.

ಅದೇ ಬೆಳಗಾವಿಗೆ ಖಾನಾಪುರ ಕೇವಲ 26 ಕಿಲೋಮೀಟರು. ಇಷ್ಟು ಸಮೀಪದ ಊರಿಗೆ ವಿಮಾನದ ಮಾತೇ ಸಲ್ಲದು. ದಾರಿ ಎಷ್ಟೇ ಕಿರಿದಾದರೂ ಏರುವುದಕ್ಕೂ ಇಳಿಯುವುದಕ್ಕೂ ಬೇಕಾದ ಹೊತ್ತು ಬೇಕೇ ಬೇಕು. ಬಸ್ಸೋ ರೈಲೋ ಸಾಕು.

ಆದರೆ ಶ್ರೋತೃಗಳೇ, ಖಾನಾಪುರವನ್ನು ದಾಟಿ ಪಶ್ಚಿಮಕ್ಕೆ ಭೀಮಗಡದ ಕಾಡನ್ನು ಹೊಕ್ಕೊಡನೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಹದಾಯಿ ಹುಟ್ಟುವ ಸೀಮೆ ಅದು; 2011ರಲ್ಲಿ ಅಭಯಾರಣ್ಯವೆನಿಸಿತು. ಮಳೆ ಹಿಡಿಯಿತೆಂದರೆ ಆಮಗಾಂವದಂಥ ಊರುಗಳ ದಾರಿಯನ್ನು ಹಳ್ಳಗಳು ಕಡಿದುಹಾಕುತ್ತವೆ. 2024ರ ಮಳೆಗಾಲದಲ್ಲಿ ಅಲ್ಲಿಯ ರೋಗಿಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು, ಕೆಸರು ತುಳಿದು, ಕಾಡು ದಾಟಿಸಿ ತಂದುದನ್ನು ಪತ್ರಿಕೆಗಳು ವರದಿ ಮಾಡಿದವು. ಅಷ್ಟು ಹೊತ್ತಿಗೆ ಸಾಂಬ್ರಾದಲ್ಲಿ ವಿಮಾನವೇರಿದವನು ಬೆಂಗಳೂರಿನಲ್ಲಿ ಇಳಿದಿರುತ್ತಾನೆ.

ಕಾಡು ಉಳಿಯಬೇಕು, ನಿಜ. ಅದನ್ನು ಸೀಳಿ ಹೆದ್ದಾರಿ ಹಾಕಿರೆಂದು ನಾನು ಹೇಳುತ್ತಿಲ್ಲ. ಆದರೆ ರೋಗಿಯೂ ಉಳಿಯಬೇಕು. ಹಳ್ಳಕ್ಕೊಂದು ಕಾಲುಸಂಕ, ಮಳೆಗಾಲಕ್ಕೆ ಊರಲ್ಲೇ ಒಬ್ಬ ದಾದಿ: ಇಷ್ಟಾದರೂ ಆ ದೂರ ಅರ್ಧಕ್ಕಿಳಿದೀತು. ಊರಿಂದೂರಿಗೆ ಎಷ್ಟು ದೂರವೆಂದು ಕೇಳುವಾಗ, ಯಾರಿಗೆ, ಯಾವ ಋತುವಿನಲ್ಲಿ ಎಂದೂ ಕೇಳುವುದು ನ್ಯಾಯ.