ಈಮ್ ಎಂಬ ಹಳ್ಳಿ

ಇಂಗ್ಲೆಂಡಿನ ಹಳ್ಳಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕ್ಯಾಲೆಂಡರಿನ ಚಿತ್ರ: ಹುಲ್ಲು ಹೊದಿಸಿದ ಮನೆ, ಬಾಗಿಲ ಮೇಲೆ ಗುಲಾಬಿ ಬಳ್ಳಿ, ಹಿಂದೆ ಚರ್ಚಿನ ಗೋಪುರ. ಅಂಥ ಹಳ್ಳಿಗಳು ನಿಜವಾಗಿಯೂ ಇವೆ. ಕಾಟ್ಸ್‌ವೋಲ್ಡ್ ಬೆಟ್ಟಗಳ ಚಿಪ್ಪಿಂಗ್ ಕ್ಯಾಂಪ್ಡೆನ್, ಸಫೋಕಿನ ಲ್ಯಾವೆನ್ಹಮ್, ಇವೆಲ್ಲ ಉಣ್ಣೆಯ ಹಣದಿಂದ ಎದ್ದ ಊರುಗಳು. ನೋಡಲು ಬಲು ಚೆಂದ. ಆದರೆ ಒಂದೇ ಊರನ್ನು ನೋಡುವಷ್ಟು ಸಮಯವಿದ್ದರೆ ನೀವು ಡರ್ಬಿಷೈರಿನ ಈಮ್ ಎಂಬಲ್ಲಿಗೆ ಹೋಗಬೇಕೆಂದು ನಾನು ಹೇಳುತ್ತೇನೆ. ಷೆಫೀಲ್ಡ್ ನಗರದಿಂದ ನೈಋತ್ಯಕ್ಕೆ, ಗುಡ್ಡಗಳ ನಡುವೆ, ಬೂದುಬಣ್ಣದ ಕಲ್ಲಿನ ಮನೆಗಳ ಸಣ್ಣ ಊರು ಅದು.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿತ್ತು. ಅಲ್ಲಿಂದ ಈಮಿನ ದರ್ಜಿಯೊಬ್ಬನಿಗೆ ಬಟ್ಟೆಯ ಗಂಟು ಬಂದಿತೆಂದೂ, ಅದರೊಡನೆ ಚಿಗಟಗಳೂ ಬಂದವೆಂದೂ ಊರಿನವರು ಹೇಳುತ್ತ ಬಂದಿದ್ದಾರೆ. ಆ ಮನೆಯಲ್ಲಿದ್ದ ಜಾರ್ಜ್ ವಿಕರ್ಸ್ ಎಂಬವನು ಸೆಪ್ಟೆಂಬರ್ ಮೊದಲ ವಾರದಲ್ಲಿ ತೀರಿಕೊಂಡ. ಚಳಿಗಾಲದಲ್ಲಿ ಸ್ವಲ್ಪ ತಗ್ಗಿದ ರೋಗ ಮರುವರ್ಷ ಬೇಸಗೆಯಲ್ಲಿ ಮತ್ತೆ ಹೆಡೆಯೆತ್ತಿತು.

ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಇನ್ನೂ ತರುಣ, ಊರಿಗೆ ಹೊಸಬ. ಅವನಿಗಿಂತ ಮುಂಚೆ ಇದ್ದ ಥಾಮಸ್ ಸ್ಟ್ಯಾನ್ಲಿ ಸರ್ಕಾರದ ಪ್ರಾರ್ಥನಾ ನಿಯಮವನ್ನು ಒಪ್ಪದೆ ಕೆಲಸ ಕಳೆದುಕೊಂಡಿದ್ದವನು. ಜನಕ್ಕೆ ಅವನ ಮೇಲೆಯೇ ಹೆಚ್ಚು ನಂಬಿಕೆ. ಇಬ್ಬರಿಗೂ ಮತದಲ್ಲಿ ಹೊಂದುತ್ತಿರಲಿಲ್ಲ. ಆದರೂ 1666ರ ಜೂನಿನಲ್ಲಿ ಇಬ್ಬರೂ ಕೂಡಿ ಜನರನ್ನು ಒಪ್ಪಿಸಿದರು: ಯಾರೂ ಊರು ಬಿಡಕೂಡದು, ಸತ್ತವರನ್ನು ಅವರವರ ಮನೆಯವರೇ ಹತ್ತಿರದ ತೋಟದಲ್ಲೋ ಹೊಲದಲ್ಲೋ ಹೂಳಬೇಕು, ಚರ್ಚಿನ ಬಾಗಿಲು ಮುಚ್ಚಿ, ಪ್ರಾರ್ಥನೆಯನ್ನು ಬಯಲಿನಲ್ಲಿ ನಡೆಸಬೇಕು.

ಊರಿನ ಗಡಿಯಲ್ಲಿ, ಸ್ಟೋನಿ ಮಿಡ್ಲ್‌ಟನ್ನಿಗೆ ಇಳಿಯುವ ಹಾದಿಯಲ್ಲಿ, ಆರು ಕುಳಿಗಳಿರುವ ಒಂದು ಬಂಡೆಯನ್ನು ನೀವು ಇಂದಿಗೂ ಕಾಣಬಹುದು. ಹೊರಗಿನವರು ಆಹಾರವನ್ನು ತಂದು ಅಲ್ಲಿಟ್ಟು ಹೋಗುವರು. ಊರಿನವರು ಆ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ಹಣ ಹಾಕುವರು. ಚ್ಯಾಟ್ಸ್‌ವರ್ತಿನಲ್ಲಿದ್ದ ಡೆವನ್‌ಷೈರ್ ಅರ್ಲನೂ ಸಾಮಾನು ಕಳಿಸಿದ.

ನಮ್ಮ ಮೈಸೂರು ಸೀಮೆಗೆ 1898ರಲ್ಲಿ ಪ್ಲೇಗು ಬಂದಾಗ ಜನ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರೆಂಬುದನ್ನು ನಿಮ್ಮ ಮನೆಯ ಹಿರಿಯರ ಮಾತಿನಲ್ಲಿ ಕೇಳಿರಬಹುದು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳು ಆ ಕಾಲದ ನೆನಪೇ. ಇಲಿಗಳಿರುವ ಮನೆಯನ್ನು ಬಿಟ್ಟು ಬಯಲಿಗೆ ಹೋಗುವುದು, ಈಗ ನಮಗೆ ತಿಳಿದಿರುವ ಮಟ್ಟಿಗೆ, ಜಾಣತನ. ಈಮಿನವರು ಮಾಡಿದ್ದು ಇದಕ್ಕೆ ತಿರುಗುಮುರುಗು. ಊರೊಳಗೇ ಉಳಿದದ್ದರಿಂದ ಅವರಲ್ಲಿ ಸಾವು ಹೆಚ್ಚಿತೆಂದು ವಾದಿಸುವವರಿದ್ದಾರೆ; ಆ ವಾದ ತಳ್ಳಿಹಾಕುವಂಥದಲ್ಲ. ಮಾಂಪೆಸನ್ ಕೂಡ ತನ್ನ ಇಬ್ಬರು ಮಕ್ಕಳನ್ನು ಮುಂಚೆಯೇ ಯಾರ್ಕ್‌ಷೈರಿಗೆ ಕಳುಹಿಸಿದ್ದ. ತಂದೆಯಾದವನನ್ನು ಅದಕ್ಕಾಗಿ ಬೈಯಲು ನನಗೆ ಮನಸ್ಸು ಬಾರದು. ಅವನ ಹೆಂಡತಿ ಕ್ಯಾಥರೀನ್ ಮಾತ್ರ ಗಂಡನನ್ನು ಬಿಟ್ಟು ಹೋಗಲಿಲ್ಲ. ಆಗಸ್ಟ್ 25ರಂದು ಸತ್ತಳು. ಆಕೆಯ ಗೋರಿ ಚರ್ಚಿನ ಅಂಗಳದಲ್ಲಿದೆ, ಸಾವಿರ ವರ್ಷಕ್ಕೂ ಹಳೆಯದಾದ ಸ್ಯಾಕ್ಸನ್ ಶಿಲುಬೆಯ ಬಳಿ.

ನವೆಂಬರ್ ಹೊತ್ತಿಗೆ ರೋಗ ನಿಂತಿತು. ಸತ್ತವರು ಸುಮಾರು 260 ಮಂದಿ. ಚರ್ಚಿನ ಪಕ್ಕದ ಮನೆಗಳ ಗೋಡೆಗಳಲ್ಲಿ ಫಲಕಗಳಿವೆ; ಆ ಮನೆಯಲ್ಲಿ ಸತ್ತವರು ಯಾರು ಯಾರೆಂದು ಬರೆದಿದೆ. ಕಿಟಕಿಯ ಒಳಗೆ ಇಂದಿನ ಸಂಸಾರದ ಪರದೆಗಳು ತೂಗುತ್ತಿರುತ್ತವೆ. ಹೊರಗಿನಿಂದ ಓದಿ ಸದ್ದಿಲ್ಲದೆ ಮುಂದೆ ಹೋಗಿ. ಅವು ಜನ ವಾಸಿಸುವ ಮನೆಗಳು.

ಊರ ಹೊರಗಿನ ಇಳಿಜಾರಿನಲ್ಲಿ, ಕಲ್ಲಿನ ಸುತ್ತುಗೋಡೆಯೊಳಗೆ, ಏಳು ಸಮಾಧಿಗಳಿವೆ. ಎಲಿಜಬೆತ್ ಹ್ಯಾಂಕಾಕ್ ಎಂಬ ಹೆಂಗಸು ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಿಂದಲೇ ಮಣ್ಣು ಮಾಡಿದಳು. ಆಕೆ ಬದುಕಿ ಉಳಿದಳು. ಆ ಹೊಲಕ್ಕೆ ತಪ್ಪದೆ ಹೋಗಿಬನ್ನಿ.

ಆಗಸ್ಟಿನ ಕೊನೆಯ ಭಾನುವಾರ ಅಲ್ಲಿ ಪ್ಲೇಗಿನ ಭಾನುವಾರವೆಂದೇ ಹೆಸರು. ಅಂದು ಜನ ಕಕ್ಲೆಟ್ ಡೆಲ್ಫ್ ಎಂಬ ಅದೇ ಹುಲ್ಲುಗಣಿವೆಯಲ್ಲಿ ಸೇರಿ ಪ್ರಾರ್ಥನೆ ನಡೆಸುತ್ತಾರೆ. ಹೋಗುವುದಾದರೆ ಗಟ್ಟಿ ಬೂಟು ಹಾಕಿಕೊಳ್ಳಿ, ಛತ್ರಿಯನ್ನಂತೂ ಮರೆಯಬೇಡಿ.